ಸೈಟು

ಸೈಟು (ನಾಮಪದ): ಮನೆ ಕಟ್ಟಲು ಅಳೆದು ಗುರುತಿಸಿದ ಜಾಗ, ನಿವೇಶನ. ಲ್ಯಾಟಿನ್‌ನ ‘ಸಿಟುಸ್’ (ನೆಲೆ, ಸ್ಥಾನ) ಮೂಲದ್ದು. ಇಂಗ್ಲಿಷ್‌ನಿಂದ ಕನ್ನಡಕ್ಕೆ ಬಂದಿದೆ. ಇಂಗ್ಲಿಷ್‌ನಲ್ಲಿ ಯಾವುದೇ ಕಟ್ಟಡ ಅಥವಾ ಘಟನೆಯ ಸ್ಥಳವನ್ನು ಸೂಚಿಸುವ ಈ ಪದ, ಬೆಂಗಳೂರಿನಲ್ಲಿ ಮುಖ್ಯವಾಗಿ ಕೊಳ್ಳುವ, ಮಾರುವ ಆಸ್ತಿಯ ಹೆಸರಾಗಿದೆ.

ಬಳಕೆ: 1945ರಲ್ಲಿ ಸ್ಥಾಪನೆಯಾದ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಮತ್ತು 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ರೂಪಿಸಿದ ಬಡಾವಣೆಗಳು ಪದವನ್ನು ಮನೆಮಾತಾಗಿಸಿದವು. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ‘ಥರ್ಟಿ ಫಾರ್ಟಿ’ ಎಂದರೆ ಸಾಕು, 30×40 ಅಡಿಯ, ಅಂದರೆ 1,200 ಚದರಡಿಯ ಸೈಟು ಎಂದು ಯಾರಿಗಾದರೂ ಅರ್ಥವಾಗುತ್ತದೆ. ಕೆಂಗೇರಿಯ ಸುತ್ತ ಎಕರೆ, ಗುಂಟೆ ಲೆಕ್ಕದ ಹೊಲಗಳು ಬಡಾವಣೆಯಾದಂತೆ ಅಳತೆಯೂ ಚದರಡಿಗೆ ಬದಲಾಯಿತು (1 ಗುಂಟೆ = 1,089 ಚದರಡಿ).

ರೂಪ: ಉಕಾರಾಂತವಾಗಿ ಕನ್ನಡದ ವಿಭಕ್ತಿಗಳನ್ನು ಸಲೀಸಾಗಿ ಪಡೆಯುತ್ತದೆ: ಸೈಟನ್ನು, ಸೈಟಿಗೆ, ಸೈಟಿನಲ್ಲಿ. ಸಮಾಸಗಳು: ಕಾರ್ನರ್ ಸೈಟು, ರೆವಿನ್ಯೂ ಸೈಟು (ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ವಿಂಗಡಿಸಿದ್ದು), ಸಿ.ಎ. ಸೈಟು (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಾದದ್ದು).

ಇತರ ಅರ್ಥಗಳು: ಕಟ್ಟಡ ಕೆಲಸ ನಡೆಯುವ ಸ್ಥಳ (‘ಮೇಸ್ತ್ರಿ ಸೈಟಿನಲ್ಲಿದ್ದಾರೆ’), ಜಾಲತಾಣ.

ಸಮಾನಪದಗಳು: ಸರ್ಕಾರಿ ಕಾಗದಪತ್ರಗಳಲ್ಲಿ ನಿವೇಶನ, ಉತ್ತರ ಕರ್ನಾಟಕದಲ್ಲಿ ಪ್ಲಾಟು. ಎರವಲಾಗಿ ಬಂದರೂ ಸಾಮಾನ್ಯ ಕುಟುಂಬಗಳ ಸ್ವಂತ ಮನೆಯ ಆಸೆಯನ್ನು ಹೊತ್ತ ಈ ಪದ ಕನ್ನಡದ ನಿಘಂಟಿನಲ್ಲಿ ಗೌರವದ ಸ್ಥಾನಕ್ಕೆ ಅರ್ಹವಾಗಿದೆ.