ಮೆಜೆಸ್ಟಿಕ್ ಪರಿಸರದ ಲೈಂಗಿಕ ವೃತ್ತಿನಿರತ ಮಹಿಳೆಯರು ಮತ್ತು ಕಾನೂನು

ಓಕಳಿಪುರಕ್ಕೆ ಹೊಂದಿಕೊಂಡ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಹಾಗೂ ಅದರೆದುರು ಧರ್ಮಾಂಬುಧಿ ಕೆರೆಯಂಗಳದಲ್ಲಿ ತಲೆಯೆತ್ತಿದ ಬಸ್ ನಿಲ್ದಾಣ ಸೇರಿದ ಮೆಜೆಸ್ಟಿಕ್ ಪರಿಸರವು, ದುಡಿಮೆ ಅರಸಿ ಊರು ಬಿಟ್ಟು ಬರುವವರ ಹೆಬ್ಬಾಗಿಲಾಗಿದೆ. ಮುಂಬಯಿಯ ಕಾಮಾಟಿಪುರ, ಕೋಲ್ಕತ್ತದ ಸೋನಾಗಾಚಿಗಳಂತಹ ಪ್ರತ್ಯೇಕ ಕೇರಿ ಬೆಂಗಳೂರಿನಲ್ಲಿಲ್ಲ. ಇಲ್ಲಿ ಲೈಂಗಿಕ ವೃತ್ತಿಯು ಬೀದಿ, ವಸತಿಗೃಹ, ಮನೆಗಳಲ್ಲಿ ಚದುರಿಹೋಗಿದೆ. ಹೀಗಾಗಿ ಬೀದಿಯಲ್ಲಿ ನಿಲ್ಲುವ ಮಹಿಳೆಗೆ ಕಾನೂನು ಮೊದಲು ಎದುರಾಗುವುದು ಪೊಲೀಸರ ರೂಪದಲ್ಲಿ.

ದಂಡಿನ ಕಾಲ

ಬೆಂಗಳೂರಿನಲ್ಲಿ ದಂಡು ಪ್ರದೇಶ ನೆಲೆಗೊಂಡದ್ದು 1809ರಲ್ಲಿ. ಬ್ರಿಟಿಷ್ ಸರ್ಕಾರದ 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ವೃತ್ತಿನಿರತ ಮಹಿಳೆಯರ ನೋಂದಣಿ ಹಾಗೂ ಕಡ್ಡಾಯ ತಪಾಸಣೆಗೆ ಅವಕಾಶವಿತ್ತಿತು. ಗುಹ್ಯರೋಗ ಕಂಡುಬಂದವರನ್ನು ‘ಲಾಕ್ ಆಸ್ಪತ್ರೆ’ಗಳಲ್ಲಿ ಇರಿಸಲಾಗುತ್ತಿತ್ತು. ಸೈನಿಕರ ಆರೋಗ್ಯರಕ್ಷಣೆಯೇ ಇದರ ಉದ್ದೇಶವಾಗಿದ್ದರೂ ನಿರ್ಬಂಧದ ಹೊರೆ ಬಿದ್ದದ್ದು ಮಹಿಳೆಯ ಮೇಲೆ. ತೀವ್ರ ವಿರೋಧದ ಬಳಿಕ ಕಾಯ್ದೆಯು 1888ರಲ್ಲಿ ರದ್ದಾಯಿತು.

ಇಂದಿನ ಕಾಯ್ದೆ

ಈಗ ಜಾರಿಯಲ್ಲಿರುವುದು 1956ರ ಕಾಯ್ದೆ. 1986ರ ತಿದ್ದುಪಡಿಯಿಂದ ಅದಕ್ಕೆ ಅನೈತಿಕ ವ್ಯವಹಾರ ತಡೆ ಕಾಯ್ದೆ ಎಂಬ ಹೆಸರು ಬಂದಿತು. ವಯಸ್ಕ ಮಹಿಳೆ ಸ್ವಇಚ್ಛೆಯಿಂದ ನಡೆಸುವ ವೃತ್ತಿಯನ್ನೇ ಇದು ಅಪರಾಧವೆನ್ನುವುದಿಲ್ಲ. ವೇಶ್ಯಾಗೃಹ ನಡೆಸುವುದು, ಇನ್ನೊಬ್ಬರ ಸಂಪಾದನೆಯಿಂದ ಬದುಕುವುದು, ವೃತ್ತಿಗಾಗಿ ಸಾಗಿಸುವುದು ಅಪರಾಧ. ಆದರೆ 7ನೇ ಕಲಮಿನ ಪ್ರಕಾರ ದೇವಸ್ಥಾನ, ಶಾಲೆ, ಆಸ್ಪತ್ರೆ ಮೊದಲಾದವುಗಳಿಂದ 200 ಮೀಟರಿನೊಳಗೆ ವೃತ್ತಿ ನಡೆಸುವುದೂ, 8ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮಾತು, ಸನ್ನೆಗಳಿಂದ ಗಿರಾಕಿಯನ್ನು ಕರೆಯುವುದೂ ಶಿಕ್ಷಾರ್ಹ. 8ನೇ ಕಲಮಿನಡಿ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ನಾಲ್ಕು ಗೋಡೆಯೊಳಗೆ ಅಪರಾಧವಲ್ಲದ್ದು ಬೀದಿಗೆ ಬಂದೊಡನೆ ಅಪರಾಧವಾಗುವುದರಿಂದ, ಸ್ವಂತ ನೆಲೆಯಿಲ್ಲದ ಬಡ ಮಹಿಳೆಯೇ ಹೆಚ್ಚಾಗಿ ಸಿಕ್ಕಿಬೀಳುತ್ತಾಳೆ.

2022ರ ಆದೇಶ

ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2022ರ ಮೇ 19ರಂದು ಮಹತ್ವದ ನಿರ್ದೇಶನಗಳನ್ನು ನೀಡಿತು. ಲೈಂಗಿಕ ದೌರ್ಜನ್ಯಕ್ಕೊಳಗಾದ ವೃತ್ತಿನಿರತೆಗೆ ಇತರ ಸಂತ್ರಸ್ತೆಯರಂತೆಯೇ ವೈದ್ಯಕೀಯ ನೆರವು ದೊರೆಯಬೇಕು. ಪೊಲೀಸರು ಗೌರವದಿಂದ ನಡೆದುಕೊಳ್ಳಬೇಕು. ಕಾಂಡೋಮ್ ಇಟ್ಟುಕೊಂಡದ್ದನ್ನು ಅಪರಾಧಕ್ಕೆ ಸಾಕ್ಷ್ಯವಾಗಿ ಬಳಸಬಾರದು. ದಾಳಿಯ ವರದಿಗಳಲ್ಲಿ ಮಾಧ್ಯಮಗಳು ಗುರುತು ಬಯಲು ಮಾಡಬಾರದು. ದಾಳಿಯ ವೇಳೆ ಬಂಧಿಸಬಾರದೆಂಬ ಶಿಫಾರಸ್ಸಿನ ಬಗ್ಗೆ ಕೇಂದ್ರ ಸರ್ಕಾರ ಆಕ್ಷೇಪ ಹೊಂದಿದ್ದರಿಂದ, ಅದು ಈ ಕಡ್ಡಾಯ ನಿರ್ದೇಶನಗಳ ಸಾಲಿಗೆ ಸೇರಲಿಲ್ಲ.

ಕಾನೂನು ನೆರವು

ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯನ್ವಯ, ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರೂ ಉಚಿತ ಕಾನೂನು ನೆರವಿಗೆ ಅರ್ಹರು. ವೃತ್ತಿನಿರತ ಮಹಿಳೆಯರಿಗೂ ಇದು ಅನ್ವಯಿಸುತ್ತದೆ. ಸಹಾಯವಾಣಿ ಸಂಖ್ಯೆ 15100.