ಮನೆಯ ಗೋಡೆ, ನಾಟಕದ ಗೋಡೆ

ನಾಟಕದ ಗೋಡೆಗೆ ಒಂದೇ ಮುಖ. ಪ್ರೇಕ್ಷಕರ ಕಡೆಯಿಂದ ಸುಣ್ಣ ಬಳಿದ ಹಳೆಯ ಮನೆ ಕಾಣುತ್ತದೆ. ಹಿಂದೆ ಹೋಗಿ ನೋಡಿದರೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಅದಕ್ಕೊಂದು ಊರೆ. ಮನೆ ಕಟ್ಟುವವರ ಗೋಡೆಗಾದರೋ ದಪ್ಪವಿದೆ, ಒಳಗೆ ಇಟ್ಟಿಗೆಯಿದೆ, ತಲೆಯ ಮೇಲೆ ತಾರಸಿಯ ಭಾರವಿದೆ. ಆದರೂ ಕಾಗದದ ಮೇಲೆ ಇಬ್ಬರೂ ಎಳೆಯುವುದು ಗೆರೆಗಳನ್ನೇ. ಟಿ-ಸ್ಕ್ವೇರ್, ಸೆಟ್‌ಸ್ಕ್ವೇರ್, ಟ್ರೇಸಿಂಗ್ ಹಾಳೆಗಳ ಕಾಲದಲ್ಲಿ ವಾಸ್ತುಶಿಲ್ಪಿಯೂ ರಂಗವಿನ್ಯಾಸಕನೂ ಒಂದೇ ಅಂಗಡಿಯಲ್ಲಿ ಸಾಮಾನು ಕೊಳ್ಳಬಹುದಿತ್ತು. ಗಣಕ ಬಂದ ಮೇಲೆ ದಾರಿ ಕವಲೊಡೆಯಿತು.

ಗಣಕದ ಪರದೆಯ ಮೇಲೆ ನಕ್ಷೆ ಬರೆಯಬಹುದೆಂದು ತೋರಿಸಿಕೊಟ್ಟವರು ಅಮೆರಿಕದ ಐವಾನ್ ಸದರ್‌ಲೆಂಡ್. 1963ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧಕ್ಕಾಗಿ ಅವರು ‘ಸ್ಕೆಚ್‌ಪ್ಯಾಡ್’ ರಚಿಸಿದರು. ಬೆಳಕಿನ ಲೇಖನಿಯಿಂದ ಪರದೆ ಮುಟ್ಟಿ ಗೆರೆ ಎಳೆಯಬಹುದಿತ್ತು. ಎರಡು ಗೆರೆಗಳು ಸಮಾನಾಂತರವಾಗಿರಲಿ ಎಂದು ಅಪ್ಪಣೆ ಕೊಟ್ಟರೆ ಯಂತ್ರವೇ ತಿದ್ದುತ್ತಿತ್ತು. ಆದರೆ ಅಂಥ ಯಂತ್ರ ಕೊಳ್ಳುವ ಶಕ್ತಿ ವಿಮಾನ, ಕಾರು ತಯಾರಿಸುವ ದೊಡ್ಡ ಕಂಪನಿಗಳಿಗೆ ಇರಬಹುದಾಗಿತ್ತೇ ಹೊರತು ನಾಲ್ಕು ಮಂದಿಯ ವಾಸ್ತುಶಿಲ್ಪ ಕಚೇರಿಗೆ ಇರಲಿಲ್ಲ. ರಂಗಭೂಮಿಯ ಮಾತಂತೂ ದೂರ.

1982ರಲ್ಲಿ ಎರಡು ಬೇರೆ ಬೇರೆ ಲೋಕಗಳಲ್ಲಿ ಎರಡು ಕಂಪನಿಗಳು ಹುಟ್ಟಿದವು. ಕ್ಯಾಲಿಫೋರ್ನಿಯದಲ್ಲಿ ಜಾನ್ ವಾಕರ್ ಮತ್ತು ಸಂಗಡಿಗರು ಆಟೋಡೆಸ್ಕ್ ಸ್ಥಾಪಿಸಿ, ಆ ವರ್ಷದ ಕೊನೆಗೆ ‘ಆಟೋಕ್ಯಾಡ್’ ಹೊರತಂದರು. ಮೇಜಿನ ಮೇಲಿಡುವ ಸಣ್ಣ ಗಣಕದಲ್ಲೇ ಅದು ನಡೆಯುತ್ತಿತ್ತು. ಆಟೋಕ್ಯಾಡ್‌ಗೆ ಗೆರೆ, ವೃತ್ತ, ಕಂಸ ಗೊತ್ತಿತ್ತು, ಗೋಡೆ ಗೊತ್ತಿರಲಿಲ್ಲ. ಎರಡು ಗೆರೆ ಎಳೆದು ಇದು ಗೋಡೆ ಎಂದು ನಾವು ತಿಳಿದುಕೊಳ್ಳಬೇಕು, ಅಷ್ಟೆ.

ಕಮ್ಯುನಿಸ್ಟ್ ಆಳ್ವಿಕೆಯ ಹಂಗೇರಿಯಲ್ಲಿ, ಬುಡಾಪೆಸ್ಟ್‌ನಲ್ಲಿ, ಭೌತವಿಜ್ಞಾನ ಓದಿದ್ದ ಗಾಬೊರ್ ಬೊಯಾರ್ ಗ್ರಾಫಿಸಾಫ್ಟ್ ಕಂಪನಿ ಆರಂಭಿಸಿದರು. ಪೂರ್ವ ಯೂರೋಪಿಗೆ ಒಳ್ಳೆಯ ಗಣಕಗಳನ್ನು ಮಾರದಂತೆ ಪಾಶ್ಚಾತ್ಯ ದೇಶಗಳು ನಿರ್ಬಂಧ ಹೇರಿದ್ದ ಕಾಲ ಅದು. ಇದ್ದ ಸಣ್ಣ ಯಂತ್ರಗಳಲ್ಲೇ ಮೂರು ಆಯಾಮದ ಲೆಕ್ಕ ಮಾಡುವುದನ್ನು ಅವರು ಕಲಿತರು. ಮೊದಲ ಕೆಲಸ ಪಾಕ್ಷ್ ಅಣುಸ್ಥಾವರದ ಕೊಳವೆಗಳದ್ದು. ಆ ಅನುಭವದಿಂದ ಬೆಳೆದದ್ದೇ ‘ಆರ್ಕಿಕ್ಯಾಡ್’. ಇಲ್ಲಿ ಗೋಡೆ ಎಂದರೆ ಗೋಡೆಯೇ. ಅದಕ್ಕೆ ಎತ್ತರ, ದಪ್ಪ, ಪದರ ಎಲ್ಲವೂ ಉಂಟು. ಕಿಟಕಿಯನ್ನು ಒಂದಡಿ ಸರಿಸಿದರೆ ನಕ್ಷೆಯಲ್ಲೂ ಮುಂಭಾಗದ ಚಿತ್ರದಲ್ಲೂ ಛೇದಚಿತ್ರದಲ್ಲೂ ತಾನೇ ಸರಿಯುತ್ತದೆ. ಬಾಗಿಲುಗಳೆಷ್ಟು ಎಂದು ಕೇಳಿದರೆ ಎಣಿಸಿ ಹೇಳುತ್ತದೆ. ಒಂದು ಹಾಳೆ ತಿದ್ದಿ ಇನ್ನೊಂದನ್ನು ತಿದ್ದಲು ಮರೆತು ಮೇಸ್ತ್ರಿಯ ಮುಂದೆ ಪೇಚಿಗೆ ಸಿಕ್ಕಿದವರಿಗೆ ಇದರ ಬೆಲೆ ಗೊತ್ತು.

ಆದರೆ ಇಷ್ಟೆಲ್ಲ ತಿಳಿದ ಗೋಡೆಯಿಂದ ರಂಗವಿನ್ಯಾಸಕನಿಗೆ ಉಪಯೋಗಕ್ಕಿಂತ ಕಾಟವೇ ಹೆಚ್ಚು. ಅವನ ಗೋಡೆಗೆ ತಳಪಾಯವಿಲ್ಲ, ನಾಲ್ಕನೆಯ ಬದಿಯೇ ಇಲ್ಲ, ಎರಡನೆಯ ಅಂಕದಲ್ಲಿ ಅದು ಮೇಲಕ್ಕೆ ಹಾರಿಹೋಗಬೇಕು. ಅವನ ಚಿಂತೆಯೇ ಬೇರೆ. ಮುಂದಿನ ಸಾಲಿನ ತುದಿಯಲ್ಲಿ ಕೂತವರಿಗೆ ಪಕ್ಕದ ಪರದೆಯ ಹಿಂದೆ ನಿಂತ ನಟ ಕಾಣುತ್ತಾನೆಯೇ? ಮೇಲೆ ತೂಗುಬಿಟ್ಟ ದೀಪಗಳು ಮರೆಯಾಗಿವೆಯೇ? ಅರಮನೆಯನ್ನೂ ಕಾಡನ್ನೂ ಪರದೆಯ ಮೇಲೆ ಬರೆದು ಇಳಿಬಿಡುತ್ತಿದ್ದ ನಮ್ಮ ಕಂಪನಿ ನಾಟಕಗಳಲ್ಲಿ ದೀಪದ ಲೆಕ್ಕ ಇಷ್ಟಿರಲಿಲ್ಲ. ಇಂದಿನ ದೊಡ್ಡ ಪ್ರಯೋಗವೊಂದರಲ್ಲಿ ನೂರಾರು ದೀಪಗಳಿರುತ್ತವೆ. ಪ್ರತಿಯೊಂದಕ್ಕೂ ನಂಬರು, ಬಣ್ಣದ ಹಾಳೆ, ಡಿಮ್ಮರ್, ತೂಗುವ ಕಂಬಿ. ನಕ್ಷೆಯಲ್ಲಿ ದೀಪ ಕದಲಿಸಿ ಪಟ್ಟಿಯಲ್ಲಿ ತಿದ್ದದಿದ್ದರೆ ಏಣಿ ಹತ್ತಿದವರು ತಪ್ಪು ದೀಪ ಕಟ್ಟುತ್ತಾರೆ.

ಹಾಗಾಗಿ ಅವರಿಗೆ ಬೇಕಾದದ್ದು ಗೆರೆಯ ಸ್ವಾತಂತ್ರ್ಯ ಮತ್ತು ದೀಪದ ಜಾತಕ. 1985ರಲ್ಲಿ ಅಮೆರಿಕದ ರಿಚರ್ಡ್ ಡೀಲ್ ಮ್ಯಾಕಿಂಟಾಷ್ ಗಣಕಕ್ಕಾಗಿ ಮಾಡಿದ ‘ಮಿನಿಕ್ಯಾಡ್’ನಲ್ಲಿ ಚಿತ್ರದ ಗುರುತಿಗೆ ಇಂಥ ವಿವರಗಳನ್ನು ಅಂಟಿಸಬಹುದಾಯಿತು. 1999ರಲ್ಲಿ ಅದರ ಹೆಸರು ‘ವೆಕ್ಟರ್‌ವರ್ಕ್ಸ್’ ಎಂದಾಯಿತು. ಮರುವರ್ಷ ರಂಗದ ಬೆಳಕಿಗೆಂದೇ ‘ಸ್ಪಾಟ್‌ಲೈಟ್’ ಎಂಬ ಆವೃತ್ತಿ ಬಂತು.

ಈ ತಂತ್ರಾಂಶ ರಂಗಭೂಮಿಯಲ್ಲಿ ಗೆದ್ದದ್ದು ಗುಣದಿಂದ ಮಾತ್ರವೇ? ನನಗೆ ಅನುಮಾನ. ಆಟೋಕ್ಯಾಡ್ ದುಬಾರಿ. ಅದಕ್ಕಿಂತ ಮುಖ್ಯವಾಗಿ, 1994ರ 13ನೆಯ ಆವೃತ್ತಿಯಿಂದ ಅದು ಮ್ಯಾಕಿಂಟಾಷ್‌ನ ಕೈಬಿಟ್ಟಿತು, ಮರಳಿ ಬಂದದ್ದು 2010ರಲ್ಲಿ. ಕಲೆಯ ಮಂದಿಯ ಮೇಜಿನ ಮೇಲೆ ಹೆಚ್ಚಾಗಿ ಇದ್ದದ್ದು ಮ್ಯಾಕಿಂಟಾಷೇ. ಆ ಹದಿನಾರು ವರ್ಷಗಳಲ್ಲಿ ಒಂದು ತಲೆಮಾರು ಬೇರೆ ಕೈಬರಹ ಕಲಿತಿತ್ತು.

ಆಯ್ಕೆ ಒಬ್ಬನ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. ವಾಸ್ತುಶಿಲ್ಪಿಯ ಕಡತವನ್ನು ಕಬ್ಬಿಣ ಲೆಕ್ಕ ಹಾಕುವ ಎಂಜಿನಿಯರು ತೆರೆಯಬೇಕು. ಅವರಲ್ಲಿ ಬಹುಮಂದಿ ಬಳಸುತ್ತಿದ್ದದ್ದು ಆಟೋಕ್ಯಾಡ್‌ನ ‘ಡಿಡಬ್ಲ್ಯುಜಿ’. ಆ ಕಡತದ ಒಳಗುಟ್ಟನ್ನು ಆಟೋಡೆಸ್ಕ್ ಬಹಿರಂಗಪಡಿಸಲಿಲ್ಲ. ಅದನ್ನು ಬಿಡಿಸಿ ಎಲ್ಲರೂ ಓದುವಂತೆ ಮಾಡಲೆಂದೇ ಬೇರೆ ಕಂಪನಿಗಳು 1998ರಲ್ಲಿ ಒಕ್ಕೂಟ ಕಟ್ಟಬೇಕಾಯಿತು. ಊರೂರಿಗೆ ಹೋಗುವ ನಾಟಕ ತಂಡಕ್ಕೂ ಇದೇ ಪಾಡು: ಮುಂದಿನ ಊರಿನ ರಂಗಮಂದಿರದವರು ತೆರೆಯಲಾಗದ ನಕ್ಷೆ ಎಷ್ಟು ಚೆಂದವಿದ್ದರೂ ಅಲ್ಲಿನ ದೀಪ ಕಟ್ಟಲು ಒದಗುವುದಿಲ್ಲ.

ಇತ್ತ ಮ್ಯೂನಿಕ್‌ನ ನೆಮೆಚೆಕ್ ಎಂಬ ಕಂಪನಿ 2000ದಲ್ಲಿ ವೆಕ್ಟರ್‌ವರ್ಕ್ಸ್ ತಯಾರಕರನ್ನೂ 2007ರಲ್ಲಿ ಗ್ರಾಫಿಸಾಫ್ಟನ್ನೂ ಕೊಂಡಿತು. ಗೋಡೆ ಬಲ್ಲ ತಂತ್ರಾಂಶ, ದೀಪ ಬಲ್ಲ ತಂತ್ರಾಂಶ ಎರಡಕ್ಕೂ ಈಗ ಒಬ್ಬನೇ ಯಜಮಾನ. ಆದರೂ ಅವನ್ನು ಕೂಡಿಸಿ ಒಂದು ಮಾಡಿಲ್ಲ. ಬೇರೆ ಬೇರೆ ಹೆಸರಿನಲ್ಲೇ ಮಾರಾಟವಾಗುತ್ತಿವೆ.