ತಲೆಯ ಮೇಲೇರಿದ ಚರ್ಮ

ಹಳೆಯ ಬೆಂಡಿನ ಟೋಪಿಯನ್ನು ನೀವು ವಸ್ತುಸಂಗ್ರಹಾಲಯದಲ್ಲಿಯೋ ಹಿಂದಿನ ಕಾಲದ ಗುರುಗಳ ಭಾವಚಿತ್ರದಲ್ಲಿಯೋ ನೋಡಿರಬಹುದು. ಬ್ರಿಟಿಷರ ಆಳ್ವಿಕೆಯಲ್ಲಿ ಅಧಿಕಾರಿಗಳೂ ವಿದೇಶೀ ಧರ್ಮಪ್ರಚಾರಕರೂ ಬಿಸಿಲಿನ ತಾಪಕ್ಕೆ ಅಂಜಿ ಅದನ್ನು ಧರಿಸುತ್ತಿದ್ದರು. ಹೊರಗೆ ಕಾಣುವುದು ಬಟ್ಟೆ ಹೊದಿಸಿದ ಹಗುರವಾದ ಬೆಂಡು. ಒಳಗೆ, ಹಣೆಗೆ ತಾಗುವಲ್ಲಿ, ತೆಳುವಾದ ಚರ್ಮದ ಪಟ್ಟಿ. ಗದ್ದದ ಕೆಳಗೆ ಕಟ್ಟಲು ಚರ್ಮದ ಬಾರು. ಬೆವರು ಕುಡಿದು ಮೊದಲು ಸವೆಯುವುದು ಈ ಪಟ್ಟಿಯೇ. ಅದನ್ನು ಬಿಚ್ಚಿ, ಅದರ ಅಳತೆಗೆ ಹೊಸ ಚರ್ಮವನ್ನು ಕತ್ತರಿಸಿ, ಹಳೆಯ ಹೊಲಿಗೆಯ ತೂತುಗಳಲ್ಲಿಯೇ ದಾರ ಹಾಯಿಸಿದರೆ ಟೋಪಿ ಮತ್ತೆ ಕೆಲವು ವರ್ಷ ಬಾಳುತ್ತದೆ. ಇದು ಚರ್ಮದ ಗುಣ ಬಲ್ಲ ಕೈಗೆ ಮಾತ್ರ ಒಲಿಯುವ ಕೆಲಸ.

ಆದರೆ ನಮ್ಮ ನಾಡಿನಲ್ಲಿ ಆ ಕೈ ಯಾರದು? ಊರ ಹೊರಗಿನ ಕೇರಿಯವರದು. ಅವರು ಹದಮಾಡಿದ ಚರ್ಮ ಹಣೆಗೆ ತಾಗಬಹುದು, ಅವರ ಕೈ ಮಾತ್ರ ತಾಗಬಾರದು! ಈ ವೈಚಿತ್ರ್ಯವನ್ನು ಕುರಿತು ಕೊಂಚ ಚಿಂತಿಸೋಣ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳ ಹಳೆಯ ಬದುಕನ್ನು ನೆನೆಯಿರಿ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಎರೆಭೂಮಿ. ಬಾವಿಯ ನೀರನ್ನು ಎತ್ತುಗಳು ಮೇಲೆಳೆಯುತ್ತಿದ್ದುದು ಕಪಲಿಯ ಚರ್ಮದ ಚೀಲದಲ್ಲಿ. ಎತ್ತಿನ ಮಿಣಿ, ಬಾರುಕೋಲು, ಒಕ್ಕಲಿಗನ ಕಾಲಿನ ಮೆಟ್ಟು, ಹೊಳೆ ದಾಟಿಸುವ ಹರಿಗೋಲಿನ ಹೊದಿಕೆ, ಹಲಗೆಯ ನಾದ, ಎಲ್ಲವೂ ಚರ್ಮದವೇ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ತಂಗಡಿ ಮತ್ತು ಜಾಲಿಯ ತೊಗಟೆಯ ರಸದಲ್ಲಿ ದಿನಗಟ್ಟಲೆ ಇಟ್ಟು ಹದಮಾಡುವುದು ದುರ್ಗಂಧವನ್ನೂ ಶ್ರಮವನ್ನೂ ಸಹಿಸುವ ಕಾಯಕ. ಅನಂತರವೇ ರಂಪಿಗೆಗೂ ಉಳಿಗೂ ಕೆಲಸ. ಚೀಲ ಸೋರಿದರೆ ಬೆಳೆ ಒಣಗುತ್ತಿತ್ತು. ಹೀಗಿದ್ದೂ ತೇಪೆ ಹಾಕುವವನಿಗೆ ಅದೇ ಬಾವಿಯ ನೀರು ಸೇದುವ ಹಕ್ಕಿರಲಿಲ್ಲ.

ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಕಥೆಯೊಂದನ್ನು ನೀವು ಕೇಳಿಯೇ ಇದ್ದೀರಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಬಸವಣ್ಣನವರಿಗೆ ಶರಣು ಎಂದರು. ಮಂತ್ರಿಯಾಗಿದ್ದ ಬಸವಣ್ಣನವರು ಅದಕ್ಕಿಂತ ಹೆಚ್ಚಿನ ಗೌರವದಿಂದ ಮರುವಂದನೆ ಮಾಡಿದರು. ಆ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದೂ, ಬಸವಣ್ಣನವರು ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತುಕೊಂಡರೆಂದೂ ಶರಣ ಸಂಪ್ರದಾಯ ಹೇಳುತ್ತದೆ. ಮುಂದೆ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಲಗ್ನವಾಯಿತು. ಪಾದರಕ್ಷೆಯನ್ನು ತಲೆಗೇರಿಸಿದ್ದನ್ನು ಸಹಿಸಿದ ಸಮಾಜ ಈ ಸಂಬಂಧವನ್ನು ಸಹಿಸಲಿಲ್ಲ. 1167ರ ಸುಮಾರಿನಲ್ಲಿ ಇಬ್ಬರು ತಂದೆಯರಿಗೂ ಘೋರವಾದ ಮರಣದಂಡನೆಯಾಯಿತು, ಕಲ್ಯಾಣ ಕದಡಿತು.

ಪವಿತ್ರ ಗ್ರಂಥದತ್ತ ಹೊರಳೋಣ. ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದ ಕೊನೆಯ ವಾಕ್ಯವನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ಓದಿ ಮುಗಿಸುತ್ತೇವೆ. ಸಂತ ಪೇತ್ರರು ಜೊಪ್ಪದಲ್ಲಿ ಬಹುದಿನ ತಂಗಿದ್ದು ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ. ಸತ್ತ ಪ್ರಾಣಿಯನ್ನು ಮುಟ್ಟುವ ಈ ಕಸುಬು ಯೆಹೂದ್ಯರಲ್ಲಿಯೂ ಕೀಳೆನಿಸಿತ್ತು. ಚರ್ಮದ ಹದಗಾರಿಕೆ ಊರಿನಿಂದ 50 ಮೊಳ ದೂರದಲ್ಲಿರಬೇಕೆಂದು ಅವರ ಮಿಷ್ನಾ ಗ್ರಂಥ ವಿಧಿಸುತ್ತದೆ. ಸಿಮೋನನ ಮನೆ ಕಡಲತೀರದಲ್ಲಿತ್ತು. ಆ ಮನೆಯ ಮಾಳಿಗೆಯ ಮೇಲೆಯೇ ಪೇತ್ರರಿಗೆ ದರ್ಶನವಾದದ್ದು, ದೇವರು ಶುದ್ಧೀಕರಿಸಿದ್ದನ್ನು ಹೊಲೆಯೆನ್ನಬಾರದೆಂಬ ಅರಿವು ಮೂಡಿದ್ದು. ಅಲ್ಲಿಂದ ಅವರು ಅನ್ಯಜನಾಂಗದ ಕೊರ್ನೇಲಿಯನ ಮನೆಗೆ ನಡೆದರು. ಇಂದು ನಾವು ಕ್ರೈಸ್ತರಾಗಿರುವುದಕ್ಕೆ ದಾರಿ ತೆರೆದದ್ದು ಚರ್ಮಗಾರನೊಬ್ಬನ ಮಾಳಿಗೆಯ ಮೇಲೆ ಎಂದರೆ ಅತಿಶಯೋಕ್ತಿಯಲ್ಲ. ಸಂತ ಪೌಲರೂ ಕೊರಿಂಥದಲ್ಲಿ ಗುಡಾರ ಹೊಲಿದು ಜೀವಿಸಿದರು. ಅವು ಚರ್ಮದ ಗುಡಾರಗಳೆಂದು ಕೆಲವು ವ್ಯಾಖ್ಯಾನಕಾರರ ಅಭಿಪ್ರಾಯ.

ಕಾಲ ಬದಲಾಗಿದೆ. ವಿದ್ಯುತ್ ಪಂಪು ಕಪಲಿಯನ್ನು ಮೂಲೆಗೆ ತಳ್ಳಿತು. ರಬ್ಬರು, ಪ್ಲಾಸ್ಟಿಕ್ಕುಗಳು ಮೆಟ್ಟನ್ನು ಅಗ್ಗವಾಗಿಸಿದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಹೆಸರೂ ಸೇರಿತು. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಅಂಥದೇ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶಿಸಿ, ಆಕ್ಷೇಪಣೆ ಬಂದ ಮೇಲೆ ಅದರ ಮೂಲ ಭಾರತವೆಂದು ಒಪ್ಪಿಕೊಂಡಿತು. ಅಂದರೆ ಮಾಡಿದ ವಸ್ತುವನ್ನು ಮೆಚ್ಚಿ ಮಾಡಿದವನನ್ನು ಮರೆಯುವ ಹಳೆಯ ಚಾಳಿ ಇನ್ನೂ ಸತ್ತಿಲ್ಲ.

ಪ್ರಿಯ ಓದುಗರೇ, ಆ ಚಾಳಿಯನ್ನು ಮಿಲಾನ್ ನಗರದಲ್ಲಿ ಹುಡುಕುವ ಮೊದಲು ನಮ್ಮ ಮನೆಗಳಲ್ಲಿ ಹುಡುಕೋಣ. ಬಲಿಪೂಜೆಯಲ್ಲಿ ನಾವೆಲ್ಲರೂ ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳುತ್ತೇವೆ. ಆದರೆ ಮಗನಿಗೆ ಹೆಣ್ಣು ನೋಡುವಾಗ, ಮಗಳಿಗೆ ವರ ಹುಡುಕುವಾಗ, ಜ್ಞಾನಸ್ನಾನದ ಹೆಸರಿಗಿಂತ ಮೊದಲು ಯಾವ ಹೆಸರನ್ನು ವಿಚಾರಿಸುತ್ತೇವೆ? ಕಲ್ಯಾಣ ಎಡವಿದ್ದು ಆ ಹೊಸ್ತಿಲಲ್ಲಿಯೇ. ಪೇತ್ರರು ಚರ್ಮಗಾರನ ಮನೆಯಲ್ಲಿ ಉಂಡು, ಮಲಗಿ, ಪ್ರಾರ್ಥಿಸಿದರು. ಚಪ್ಪಲಿ ಹೊಲಿಸಲು ಮರದ ನೆರಳಿನಲ್ಲಿ ನೀವು ಮುಂದಿನ ಸಲ ನಿಂತಾಗ, ಹೊಲಿಯುವ ಅಣ್ಣನ ಹೆಸರನ್ನು ಕೇಳಿರಿ. ಹಬ್ಬದ ದಿನ ಅವರನ್ನು ಮನೆಗೆ ಕರೆಯಿರಿ, ಅವರು ಕರೆದರೆ ಹೋಗಿ ಊಟಕ್ಕೆ ಕೂಡಿರಿ. ಹರಿದದ್ದನ್ನು ಕೂಡಿಸುವ ಕಾಯಕ ಅವರಿಗೆ ಹೊಸದಲ್ಲ. ನಾವೂ ಅದನ್ನು ಕಲಿಯಬೇಕಾಗಿದೆ.